ಬಟಾಣಿ ಬೇಳೆ ಸೂಪು: ಬೇಳೆ ಮೊದಲು ಕರಗಲಿ, ಸಾಸೇಜ್ ಆಮೇಲೆ

ಮಳೆ ಹಿಡಿದ ಮೇಲೆ ಬಿಸಿ ಸೂಪಿನ ಪ್ರಶ್ನೆಗಳೇ ಹೆಚ್ಚು ಬಂದಿವೆ. ಅವುಗಳಲ್ಲಿ ಸಾಸೇಜ್ ಹಾಕಿದ ಬಟಾಣಿ ಬೇಳೆ ಸೂಪಿಗೆ ಸಂಬಂಧಿಸಿದವನ್ನು ಒಟ್ಟು ಮಾಡಿ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ನೆದರ್ಲೆಂಡ್ಸಿನಲ್ಲಿ ಓದುತ್ತಿರುವ ಮಗ ರಜೆಗೆ ಬರುತ್ತಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ಮಾಡುವ, ಸಾಸೇಜ್ ಹಾಕಿದ ಗಟ್ಟಿ ಬಟಾಣಿ ಸೂಪು ಮನೆಯಲ್ಲೂ ಬೇಕಂತೆ. ಯಾವ ಬಟಾಣಿ, ಯಾವ ಸಾಸೇಜ್, ಹೇಗೆ ಮಾಡುವುದು?
– ಓದುಗರೊಬ್ಬರು, ಕಂಕನಾಡಿ

ಅಲ್ಲಿ ಅದಕ್ಕೆ ಸ್ನೆರ್ಟ್ ಎನ್ನುತ್ತಾರೆ. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಿರಬೇಕು ಎನ್ನುವುದು ಅಲ್ಲಿನವರ ಲೆಕ್ಕ.

ಅಂಗಡಿಯಲ್ಲಿ ಕೇಳಬೇಕಾದದ್ದು ಹಸಿರು ಬಟಾಣಿ ಬೇಳೆ, ಅಂದರೆ ಒಣ ಬಟಾಣಿಯ ಸಿಪ್ಪೆ ತೆಗೆದು ಎರಡು ಹೋಳು ಮಾಡಿದ್ದು. ಇಡೀ ಒಣ ಬಟಾಣಿ ಬೇಡ, ಅದರ ಸಿಪ್ಪೆ ಎಷ್ಟು ಬೇಯಿಸಿದರೂ ಕರಗದೆ ಬಾಯಿಗೆ ಸಿಗುತ್ತದೆ. ಫ್ರೀಜರಿನ ಹಸಿ ಬಟಾಣಿಯಿಂದ ಈ ಸೂಪು ಆಗುವುದೇ ಇಲ್ಲ, ಗಟ್ಟಿ ಬರುವಷ್ಟು ಪಿಷ್ಟ ಅದರಲ್ಲಿರುವುದಿಲ್ಲ.

ಸ್ನೆರ್ಟಿಗೆ ಹಾಕುವುದು ರೂಕ್‌ವೋರ್ಸ್ಟ್ ಎಂಬ ಹೊಗೆಯಾಡಿಸಿದ ಸಾಸೇಜ್. ನಮ್ಮಲ್ಲಿ ಕೋಲ್ಡ್ ಸ್ಟೋರೇಜ್ ಮಾಂಸದಂಗಡಿಗಳಲ್ಲಿ ಸಿಗುವ ಸ್ಮೋಕ್ಡ್ ಪೋರ್ಕ್ ಸಾಸೇಜ್ ಅದಕ್ಕೆ ಹತ್ತಿರ. ಅದು ಸಿಗದಿದ್ದರೆ ಫ್ರಾಂಕ್‌ಫರ್ಟರ್ ನಡೆಯುತ್ತದೆ.

ನಾಲ್ಕು ಜನರಿಗೆ ಬೇಳೆ 250 ಗ್ರಾಂ, ಸಾಸೇಜ್ 250 ಗ್ರಾಂ, ಸ್ವಲ್ಪ ಮಾಂಸ ಅಂಟಿಕೊಂಡಿರುವ ಹಂದಿ ಎಲುಬು 300 ಗ್ರಾಂ, ನೀರು ಒಂದೂವರೆ ಲೀಟರ್ ಬೇಕು. ತರಕಾರಿಗೆ ಎರಡು ನೀರುಳ್ಳಿ, ಎರಡು ಕ್ಯಾರೆಟ್, ಒಂದು ಬಟಾಟೆ, ಎಲೆಸಮೇತ ಎರಡು ದಂಟು ಸೆಲರಿ, ನಾಲ್ಕೆಸಳು ಬೆಳ್ಳುಳ್ಳಿ. ಅವರು ಸೆಲರಿಯ ಗೆಡ್ಡೆ ಮತ್ತು ಲೀಕ್ ಎಂಬ ನೀರುಳ್ಳಿ ಜಾತಿಯ ದಪ್ಪ ದಂಟಿನ ತರಕಾರಿ ಹಾಕುತ್ತಾರೆ. ನಮಗೆ ಸೆಲರಿ ದಂಟು ಮತ್ತು ಈರುಳ್ಳಿ ಹೂವಿನ ಒಂದು ಹಿಡಿ ಹಸಿರು ಸಾಕು. ಪರಿಮಳಕ್ಕೆ ಹಾಕುವ ಥೈಮ್ ಸೊಪ್ಪು ಸಿಗದಿದ್ದರೆ ಕಾಲು ಚಮಚ ಓಮ ಹಾಕಿ. ಎರಡರ ಪರಿಮಳಕ್ಕೂ ಥೈಮಾಲ್ ಎಂಬ ಒಂದೇ ಅಂಶ ಕಾರಣ. ಆದರೆ ಓಮ ಬಹಳ ಚುರುಕು, ಕಾಲು ಚಮಚ ದಾಟಿದರೆ ಸೂಪು ಹೊಟ್ಟೆನೋವಿನ ಕಷಾಯದ ವಾಸನೆ ಹೊಡೆಯುತ್ತದೆ.

ತಳ ದಪ್ಪವಿರುವ ಪಾತ್ರೆಯಲ್ಲಿ ಎಲುಬನ್ನು ತಣ್ಣೀರಿಗೇ ಹಾಕಿ ಒಲೆಗಿಡಿ. ಕುದಿ ಬಂದಾಗ ಮೇಲೆ ಬರುವ ಬೂದು ನೊರೆಯನ್ನು ಸೌಟಿನಿಂದ ತೆಗೆದು, ಉರಿ ತಗ್ಗಿಸಿ ಒಂದು ಗಂಟೆ ಬೇಯಿಸಿ. ಆಮೇಲೆ ತೊಳೆದ ಬೇಳೆ, ಎಂಟು ಹತ್ತು ಕಾಳುಮೆಣಸು, ಒಂದು ಪಲಾವ್ ಎಲೆ ಹಾಕಿ. ಉಪ್ಪು ಈಗ ಬೇಡ. ಸಣ್ಣ ಉರಿಯಲ್ಲಿ 45 ನಿಮಿಷದಿಂದ ಒಂದು ಗಂಟೆಯೊಳಗೆ ಬೇಳೆ ಅಂಚಿನಿಂದ ಕರಗುತ್ತಾ ಬರುತ್ತದೆ. ಕೊನೆಯ ಕಾಲು ಗಂಟೆ ಒಲೆ ಬಿಟ್ಟು ಹೋಗಬೇಡಿ. ಕರಗಿದ ಬೇಳೆ ಕೆಳಗೆ ಕೂತು ತಳ ಹಿಡಿಯುವುದು ಆಗಲೇ. ಹಿಡಿದರೆ ಕೆರೆಯಬೇಡಿ, ಮೇಲಿನ ಸೂಪನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಕೆರೆದರೆ ಸೀದ ವಾಸನೆ ಇಡೀ ಪಾತ್ರೆಗೆ ಏರುತ್ತದೆ, ಮತ್ತೆ ಅದನ್ನು ತೆಗೆಯುವ ಉಪಾಯವಿಲ್ಲ.

ಬೇಳೆ ಬೇಯುವಾಗ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಬಿಟ್ಟು, ಅರ್ಧ ಇಂಚಿನ ಬಿಲ್ಲೆಗಳಾಗಿ ಹೆಚ್ಚಿದ ಸಾಸೇಜನ್ನು ಎರಡೂ ಬದಿ ಕೆಂಪಗಾಗುವಂತೆ ಹುರಿದು ತೆಗೆದಿಡಿ. ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಎಸೆಯಬೇಡಿ, ಸೂಪಿನ ಅರ್ಧ ರುಚಿ ಅದರಲ್ಲಿದೆ. ಅದರಲ್ಲೇ ನೀರುಳ್ಳಿ, ಬೆಳ್ಳುಳ್ಳಿ, ಓಮ, ಸೆಲರಿ, ಕ್ಯಾರೆಟ್ ಬಾಡಿಸಿ. ಕೊನೆಗೆ ಅರ್ಧ ಸೌಟು ನೀರು ಹಾಕಿ ತಳಕ್ಕಂಟಿದ ಕೆಂಪು ಚೂರುಗಳನ್ನೂ ಬಿಡಿಸಿಕೊಂಡು ಎಲ್ಲವನ್ನೂ ಬೇಳೆಗೆ ಸುರಿಯಿರಿ. ಬಟಾಟೆಯನ್ನು ಸಣ್ಣಗೆ ಹೆಚ್ಚಿ ಹಾಕಿ 20 ನಿಮಿಷ ಬೇಯಿಸಿ. ಎಲುಬು ತೆಗೆದು ಮಾಂಸ ಬಿಡಿಸಿ ಮತ್ತೆ ಹಾಕಿ. ಕಡೆಗೋಲಿನಲ್ಲಿ ನಾಲ್ಕೈದು ಸುತ್ತು ಕಡೆದರೆ ಸಾಕು, ಮಿಕ್ಸಿಗೆ ಹಾಕಿದರೆ ಅಂಟು ಅಂಟಾಗುತ್ತದೆ. ಕಡೆಯ ಹತ್ತು ನಿಮಿಷಕ್ಕೆ ಸಾಸೇಜ್ ಮತ್ತು ಈರುಳ್ಳಿ ಹೂವು ಸೇರಿಸಿ. ಈಗ ರುಚಿ ನೋಡಿ, ಬೇಕೆನಿಸಿದರೆ ಮಾತ್ರ ಉಪ್ಪು. ಇಳಿಸಿ ಕಾಲು ಗಂಟೆ ಮುಚ್ಚಿಟ್ಟು ಬಡಿಸಿ.

ಪ್ರಶ್ನೆ: ಬಟಾಣಿ ಬೇಳೆ, ಟೊಮೆಟೊ, ಗೋವಾ ಸಾಸೇಜ್ ಎಲ್ಲವನ್ನೂ ಕುಕ್ಕರಿಗೆ ಹಾಕಿ ಆರು ಸೀಟಿ ಕೂಗಿಸಿದೆ. ಸಾಸೇಜ್ ಪುಡಿಪುಡಿಯಾಯಿತು, ಬೇಳೆ ಮಾತ್ರ ಕಲ್ಲಿನಂತೆ ಉಳಿಯಿತು. ಬೇಳೆ ಹಳತೇ?
– ಗೃಹಿಣಿ, ಕಲ್ಯಾಣಪುರ

ಬೇಳೆಯನ್ನು ದೂರುವ ಮೊದಲು ಹುಳಿಯನ್ನು ಹಿಡಿಯಿರಿ. ಗೋವಾ ಸಾಸೇಜಿನ ಮಾಂಸವನ್ನು ಮೆಣಸು, ಉಪ್ಪಿನ ಜೊತೆ ವಿನೆಗರ್‌ನಲ್ಲಿ ನೆನೆಸಿ ತುಂಬಿರುತ್ತಾರೆ. ಅದಕ್ಕೆ ಟೊಮೆಟೊ ಬೇರೆ ಸೇರಿದೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದು ಪೆಕ್ಟಿನ್. ಬಿಸಿನೀರಿನಲ್ಲಿ ಅದು ಕರಗಿದರೆ ಬೇಳೆ ಮೆತ್ತಗಾಗುತ್ತದೆ. ನೀರು ಹುಳಿಯಾಗಿದ್ದರೆ ಪೆಕ್ಟಿನ್ ಕರಗುವುದು ತೀರಾ ನಿಧಾನ. ಹುಣಸೆ ಹುಳಿಯನ್ನು ಬೇಳೆ ಬೆಂದ ಮೇಲೆಯೇ ಸಾಂಬಾರಿಗೆ ಬಿಡುವುದೂ ಇದೇ ಕಾರಣಕ್ಕೆ.

ಒಂದು ಬೇಳೆಯನ್ನು ಬೆರಳ ನಡುವೆ ಹಿಸುಕಿ ನೋಡಿ. ಹೊರಗೆ ಜಾರುವಷ್ಟು ಮೆತ್ತಗಿದ್ದು ನಡುವೆ ಬಿಳಿಯ ಗಟ್ಟಿ ಚುಕ್ಕಿ ಸಿಕ್ಕಿದರೆ ಇನ್ನೂ ಹೊತ್ತು ಬೇಕು ಎಂದಷ್ಟೇ ಅರ್ಥ. ಒಂದೇ ಸಮ ಗಟ್ಟಿಯಾಗಿ, ಅಂಚು ಚೂಪಾಗಿಯೇ ಇದ್ದರೆ ಅದು ಹುಳಿಯ ಅಥವಾ ನೀರಿನ ಕೆಲಸ. ಗಡಸು ನೀರಿನ ಕ್ಯಾಲ್ಸಿಯಂ ಪೆಕ್ಟಿನನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬೋರ್‌ವೆಲ್ ನೀರಿನ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ ಮನೆಗಳಲ್ಲಿ ಫಿಲ್ಟರ್ ನೀರಿನಲ್ಲಿ ಬೇಯಿಸುವುದು ಒಳ್ಳೆಯದು.

ಹಳೆಯ ಬೇಳೆಯ ದೋಷವೂ ಇಲ್ಲವೆಂದಲ್ಲ. ಸೆಖೆ ಮತ್ತು ತೇವ ಎರಡೂ ಇರುವ ಕಡೆ ತಿಂಗಳುಗಟ್ಟಲೆ ಇಟ್ಟ ಬೇಳೆ ಬೇಯದ ಸ್ಥಿತಿಗೆ ಹೋಗುತ್ತದೆ, ನಮ್ಮ ಕರಾವಳಿಯಲ್ಲಿ ಎರಡಕ್ಕೂ ಕೊರತೆಯಿಲ್ಲ. ಬೇಕಾದಷ್ಟೇ ತಂದು, ಗಾಳಿಯಾಡದ ಡಬ್ಬದಲ್ಲಿ ಹಾಕಿ ಮಳೆಗಾಲದಲ್ಲಿ ಫ್ರಿಜ್ಜಿನಲ್ಲಿಡಿ.

ಕೆಟ್ಟುಹೋದ ಪಾತ್ರೆಯನ್ನು ಉಳಿಸಿಕೊಳ್ಳಲು ಅಡುಗೆ ಸೋಡಾ ಒಂದು ಚಿಟಿಕೆ ಹಾಕಿ ಕದಡಿ, ಬುಸ್ಸೆಂದು ನೊರೆ ಎದ್ದು ಇಳಿಯಲಿ. ಇನ್ನೊಂದು ಚಿಟಿಕೆಗೆ ನೊರೆ ಬಾರದಿದ್ದರೆ ಹುಳಿ ಮುಗಿಯಿತು, ಅಲ್ಲಿಗೆ ನಿಲ್ಲಿಸಿ. ಸೋಡಾ ಮಿಕ್ಕರೆ ಸಾಬೂನಿನ ರುಚಿ ಬರುತ್ತದೆ. ಮತ್ತೆ ಹತ್ತು ನಿಮಿಷ ಕುಕ್ಕರಿನಲ್ಲಿಟ್ಟರೆ ಬೇಳೆ ದಾರಿಗೆ ಬರುತ್ತದೆ.

ಮುಂದಿನ ಸಲ 250 ಗ್ರಾಂ ಬೇಳೆಗೆ ಗೋವಾ ಸಾಸೇಜ್ 120 ಗ್ರಾಂ ಮೀರದಿರಲಿ, ಅದರಲ್ಲಿ ಉಪ್ಪು, ಖಾರ, ಹುಳಿ ಮೂರೂ ಜೋರು. ಅದು ಹಸಿ ಮಾಂಸದ್ದೇ ಆದ್ದರಿಂದ ಹುರಿದರಷ್ಟೇ ಸಾಲದು. ದಾರ ಬಿಚ್ಚಿ, ಮೇಲಿನ ಪೊರೆ ತೆಗೆದು, ಅರ್ಧ ಕಪ್ ನೀರಿನಲ್ಲಿ ಮುಚ್ಚಿ 20–25 ನಿಮಿಷ ಬೇರೆಯಾಗಿಯೇ ಬೇಯಿಸಿ. ಮೇಲೆ ತೇಲುವ ಕೆಂಪು ಕೊಬ್ಬಿನಲ್ಲಿ ಎರಡು ಚಮಚ ಇಟ್ಟುಕೊಂಡು ನೀರುಳ್ಳಿ ಬಾಡಿಸಿ, ಮಿಕ್ಕದ್ದನ್ನು ತೆಗೆಯಿರಿ. ಬೇಳೆ ಕರಗಿದ ಮೇಲೆ ಎರಡನ್ನೂ ಕೂಡಿಸಿ. ಇದು ಸ್ನೆರ್ಟ್ ಅಲ್ಲ, ಆದರೆ ಮಂಗಳೂರಿನ ನಾಲಿಗೆಗೆ ಇದೇ ಹೆಚ್ಚು ಹಿಡಿಸೀತು.

ಪ್ರಶ್ನೆ: ಕುಕ್ಕರಿನ ಸೀಟಿಯಿಂದ ಹಸಿರು ನೊರೆ ಉಕ್ಕಿ ಒಲೆಯೆಲ್ಲ ಹಾಳಾಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಸುರತ್ಕಲ್

ಬಟಾಣಿ ಬೇಳೆ ತೊಗರಿಗಿಂತ ಹೆಚ್ಚು ನೊರೆ ಬಿಡುತ್ತದೆ. ಬೇಳೆ, ನೀರು ಸೇರಿ ಕುಕ್ಕರಿನ ಅರ್ಧ ದಾಟಬಾರದು. ನೀರು ತಿಳಿಯಾಗುವವರೆಗೆ ತೊಳೆಯಿರಿ. ಮುಚ್ಚಳ ಹಾಕದೆ ಮೊದಲ ಕುದಿ ಬರಿಸಿ ನೊರೆ ತೆಗೆದು, ಒಂದು ಚಮಚ ಎಣ್ಣೆ ಬಿಟ್ಟು ಆಮೇಲೆ ಮುಚ್ಚಿ. ಒಂದು ಗಂಟೆ ನೆನೆಸಿದ ಬೇಳೆಗೆ ಮಧ್ಯಮ ಉರಿಯಲ್ಲಿ ನಾಲ್ಕೈದು ಸೀಟಿ ಸಾಕು. ಒತ್ತಡ ತಾನಾಗಿ ಇಳಿಯಲಿ, ಅವಸರಕ್ಕೆ ಸೀಟಿ ಎತ್ತಿದರೆ ಒಳಗಿನ ಗಂಜಿಯೆಲ್ಲ ರಭಸದಿಂದ ಹೊರಗೆ ಚಿಮ್ಮುತ್ತದೆ, ಕೈ ಸುಡುತ್ತದೆ. ಸೀಟಿಯ ತೂತಿನಲ್ಲಿ ಬೇಳೆ ಕಟ್ಟಿಕೊಂಡಿರುವುದು ಅಪಾಯ, ಪ್ರತಿ ಸಲವೂ ತೊಳೆದು ಬೆಳಕಿಗೆ ಹಿಡಿದು ನೋಡಿ.

ಪ್ರಶ್ನೆ: ನಾವು ಹಂದಿ ತಿನ್ನುವುದಿಲ್ಲ. ಚಿಕನ್ ಸಾಸೇಜ್ ಹಾಕಿದರೆ ಒಡೆದು ಬಾಯಿ ಬಿಡುತ್ತದೆ, ಜಗಿದರೆ ರಬ್ಬರು. ಸೂಪೂ ಸಪ್ಪೆ.
– ವಿದ್ಯಾರ್ಥಿ, ಮಣಿಪಾಲ

ಫ್ರೀಜರಿನಲ್ಲಿ ಸಿಗುವ ಚಿಕನ್ ಸಾಸೇಜಿನಲ್ಲಿ ಹೆಚ್ಚಿನವು ಮೊದಲೇ ಬೇಯಿಸಿದವು. ಅವನ್ನು ಬೇಳೆಯ ಜೊತೆ ಮುಕ್ಕಾಲು ಗಂಟೆ ಕುದಿಸಿದರೆ ಉಬ್ಬಿ ಒಡೆಯುತ್ತವೆ, ಒಳಗಿನ ರಸವೂ ಹೋಗುತ್ತದೆ. ಫ್ರಿಜ್ಜಿನಲ್ಲಿ ಕರಗಿಸಿ, ನೀರೊರೆಸಿ, ಓರೆಯಾಗಿ ಹೆಚ್ಚಿ ಬಿಸಿ ಬಾಣಲೆಯಲ್ಲಿ ಮೂರು ನಾಲ್ಕು ನಿಮಿಷ ಕೆಂಪಗೆ ಮಾಡಿ, ಬಡಿಸುವ ಐದು ನಿಮಿಷ ಮೊದಲು ಹಾಕಿ. ಪೊಟ್ಟಣದ ಮೇಲೆ ಹಸಿ ಎಂದಿದ್ದರೆ ವಿಷಯ ಬೇರೆ: ಒಳಗೆ ಎಲ್ಲೂ ಗುಲಾಬಿ ಬಣ್ಣ ಉಳಿಯದಂತೆ ಬೇಯಬೇಕು, ಥರ್ಮಾಮೀಟರ್ ಇದ್ದರೆ ನಡುವೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು.

ಸಪ್ಪೆಯಾಗುವುದು ಕೊಬ್ಬು ಸಾಲದ್ದಕ್ಕೆ. ನೀರುಳ್ಳಿಯನ್ನು ಎರಡು ದೊಡ್ಡ ಚಮಚ ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿಯಿರಿ, ನೀರಿನ ಬದಲು ಕೋಳಿ ಎಲುಬಿನ ಸಾರು ಬಳಸಿ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಆ ಹೊಗೆಯ ಪರಿಮಳ ಬರಿಸಲು ಸಾಧ್ಯವೇ?
– ಓದುಗರೊಬ್ಬರು, ಉಡುಪಿ

ಚೆನ್ನಾಗಿಯೇ ಬರುತ್ತದೆ, ತೆಂಗಿನ ಕರಟ ಇದ್ದರೆ ಸಾಕು. ಬೆಂದ ಸೂಪಿನ ನಡುವೆ ಒಂದು ಸ್ಟೀಲ್ ಬಟ್ಟಲು ತೇಲಿಸಿ, ಪೂರ್ತಿ ಕೆಂಪಾದ ಕರಟದ ಕೆಂಡ ಒಂದನ್ನು ಇಟ್ಟು, ಅರ್ಧ ಚಮಚ ತುಪ್ಪ ಬಿಟ್ಟು ತಕ್ಷಣ ಮುಚ್ಚಿ. ಮೂರು ನಿಮಿಷಕ್ಕೆ ತೆಗೆಯಿರಿ, ಹೆಚ್ಚಾದರೆ ಕಹಿ. ಕೆಂಡದಲ್ಲಿ ಕಪ್ಪು ಉಳಿದಿದ್ದರೆ ಹಸಿ ಹೊಗೆ ಬಂದು ಗಂಟಲು ಕೆರೆಯುತ್ತದೆ. ಸಾಸೇಜಿನ ಜಾಗಕ್ಕೆ 200 ಗ್ರಾಂ ಅಣಬೆಯನ್ನು ನೀರು ಪೂರ್ತಿ ಆರಿ ಅಂಚು ಕೆಂಪಾಗುವವರೆಗೆ ಬೆಣ್ಣೆಯಲ್ಲಿ ಹುರಿದು ಹಾಕಿ. ನೀರುಳ್ಳಿ, ಬೆಳ್ಳುಳ್ಳಿ ಬಳಸದವರು ಬೆಣ್ಣೆಯಲ್ಲಿ ಇಂಗು ಕರಗಿಸಿ, ಸೆಲರಿ ಇನ್ನೊಂದು ದಂಟು ಹೆಚ್ಚಿಸಿಕೊಳ್ಳಿ.

ಪ್ರಶ್ನೆ: ಹಳದಿ ಬಟಾಣಿ ಬೇಳೆ ಆಗುತ್ತದೆಯೇ? ಕಡಲೆಬೇಳೆ? ತೊಳೆದ ನೀರು ಹಸಿರಾಗುತ್ತದೆ, ಅದು ಬಣ್ಣವೇ?
– ಓದುಗರೊಬ್ಬರು, ಬಿಜೈ

ಹಳದಿಯದು ಧಾರಾಳವಾಗಿ ಆಗುತ್ತದೆ. ಸ್ವೀಡನ್ನಿನಲ್ಲಿ ಗುರುವಾರದ ಊಟಕ್ಕೆ ಮಾಡುವ ಬಟಾಣಿ ಸೂಪು ಹಳದಿಯದೇ. ಕಡಲೆಬೇಳೆ ಬೇಡ, ಬೆಂದರೂ ಕಾಳಾಗಿಯೇ ಉಳಿಯುತ್ತದೆ, ಕರಗುವುದಿಲ್ಲ. ಸಂಶಯವಿದ್ದರೆ ಬೇಳೆಯನ್ನು ಗಾಜಿನ ಲೋಟದಲ್ಲಿ ನೀರು ಹಾಕಿ ಅರ್ಧ ಗಂಟೆ ಇಡಿ. ಪಿಷ್ಟದಿಂದ ನೀರು ಮಸುಕಾಗುವುದು ಸಹಜ. ಎದ್ದು ಕಾಣುವ ಹಸಿರು ಬಿಟ್ಟರೆ ಬಣ್ಣ ಹಾಕಿದ ಮಾಲು, ಬಳಸಬೇಡಿ.

ಪ್ರಶ್ನೆ: ಮರುದಿನ ಸೂಪು ಹಲ್ವದಂತೆ ಗಟ್ಟಿಯಾಗುತ್ತದೆ. ಕೆಟ್ಟಿದೆಯೇ?
– ಓದುಗರೊಬ್ಬರು, ಮೂಲ್ಕಿ

ಕೆಟ್ಟಿಲ್ಲ. ತಣಿದಾಗ ಬೇಳೆಯ ಪಿಷ್ಟ ಹೆಪ್ಪುಗಟ್ಟುತ್ತದೆ, ಎಲುಬಿನ ಅಂಟೂ ಸೇರುತ್ತದೆ. ಬೇಕಾದಷ್ಟನ್ನೇ ತೆಗೆದು, ಸ್ವಲ್ಪ ಸ್ವಲ್ಪ ಬಿಸಿನೀರು ಸೇರಿಸಿ ಕದಡುತ್ತಾ ಚೆನ್ನಾಗಿ ಕುದಿಸಿ. ನಿಜ ಹೇಳಬೇಕೆಂದರೆ ಮರುದಿನದ್ದಕ್ಕೇ ರುಚಿ ಹೆಚ್ಚು. ಆದರೆ ರಾತ್ರಿಯಿಡೀ ಒಲೆಯ ಮೇಲೆ ಬಿಡುವಂತಿಲ್ಲ. ಗಟ್ಟಿ ಸೂಪು ದೊಡ್ಡ ಪಾತ್ರೆಯಲ್ಲಿ ಬಹಳ ಹೊತ್ತು ಉಗುರುಬೆಚ್ಚಗೆ ಇರುತ್ತದೆ, ರೋಗಾಣು ಬೆಳೆಯಲು ಅದೇ ಸಾಕು. ಅಗಲ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಮೇಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮೂರು ದಿನದೊಳಗೆ ಮುಗಿಸಿ. ಫ್ರೀಜರಿಗೆ ಹಾಕುವುದಾದರೆ ಬಟಾಟೆ ಹಾಕದೆ ಮಾಡಿ, ಕರಗಿಸಿದಾಗ ಅದು ತರಿತರಿಯಾಗುತ್ತದೆ.

ಪ್ರಶ್ನೆ: ಉಪ್ಪು ಹೆಚ್ಚಾದರೆ ಬಟಾಟೆ ಹಾಕಿದರೆ ಹೀರಿಕೊಳ್ಳುತ್ತದೆಯೇ? ಇದರ ಜೊತೆ ತಿನ್ನಲು ಏನು?
– ಓದುಗರೊಬ್ಬರು, ಬೆಂದೂರ್‌ವೆಲ್

ಬಟಾಟೆ ಉಪ್ಪುನೀರನ್ನು ಹೀರುತ್ತದೆಯೇ ಹೊರತು ಉಪ್ಪನ್ನು ಮಾತ್ರ ಆರಿಸಿ ಹೀರುವುದಿಲ್ಲ, ಉಳಿದ ಸೂಪು ಅಷ್ಟೇ ಉಪ್ಪಾಗಿರುತ್ತದೆ. ಅರ್ಧ ಕಪ್ ಬೇಳೆಯನ್ನು ಉಪ್ಪಿಲ್ಲದೆ ಬೇಯಿಸಿ ಬೆರೆಸುವುದೇ ಸರಿಯಾದ ದಾರಿ.

ನೆದರ್ಲೆಂಡ್ಸಿನವರು ರೈ ಎಂಬ ಧಾನ್ಯದ ಬ್ರೆಡ್ ತಿನ್ನುತ್ತಾರೆ. ನಮ್ಮ ಬೇಕರಿಯ ಪಾವ್ ಆದೀತು, ಆದರೆ ಸಿಹಿ ಬನ್ ತರಬೇಡಿ. ಪಾವನ್ನು ಸೀಳಿ, ಒಳಬದಿಯನ್ನು ಕಾವಲಿಯಲ್ಲಿ ಗರಿಗರಿ ಮಾಡಿ ಒಂದಿಷ್ಟು ಸಾಸಿವೆ ಪೇಸ್ಟ್ ಸವರಿ. ಸಾಸಿವೆಯ ಘಾಟು ಕೊಬ್ಬಿನ ಜಿಡ್ಡನ್ನು ಕಡಿಯುತ್ತದೆ. ಅದಿಲ್ಲದಿದ್ದರೆ ಬಟ್ಟಲಿಗೆ ನಾಲ್ಕು ಹನಿ ವಿನೆಗರ್ ಬಿಟ್ಟುಕೊಳ್ಳಿ. ಬೇಳೆ ಕರಗಿಯಾದ ಮೇಲೆ ಹುಳಿಯಿಂದ ತೊಂದರೆಯಿಲ್ಲ.