ಮನೆಯೊಳಗಿನ ಗಾಂಜಾ ಗಿಡ: ವಾಸನೆಗಿಂತ ಮೊದಲು ತೇವಾಂಶವನ್ನು ನೋಡಿ

ಕೆನಡಾದಲ್ಲಿ 2018ರ ಅಕ್ಟೋಬರ್ 17ರಂದು ಜಾರಿಗೆ ಬಂದ ಗಾಂಜಾ ಕಾಯಿದೆಯು ಒಂದು ಮನೆಗೆ ನಾಲ್ಕು ಗಿಡಗಳವರೆಗೆ ಬೆಳೆಯಲು ವಯಸ್ಕರಿಗೆ ಅವಕಾಶ ಕೊಟ್ಟಿದೆ. ಈ ಮಿತಿ ಮನೆಗೆ ಸೇರಿದ್ದೇ ಹೊರತು ಮನೆಯ ಪ್ರತಿಯೊಬ್ಬರಿಗೂ ಸೇರಿದ್ದಲ್ಲ. ಪ್ರಾಂತ್ಯಗಳು ಇದಕ್ಕಿಂತ ಬಿಗಿಯಾದ ನಿಯಮ ಮಾಡಬಹುದು. ಮನೆಯಲ್ಲಿ ಬೆಳೆಯುವುದಕ್ಕೆ ಕ್ವಿಬೆಕ್ ಪ್ರಾಂತ್ಯ ಹೇರಿದ ಸಂಪೂರ್ಣ ನಿಷೇಧವನ್ನು ಕೆನಡಾದ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ಈ ಸಲ ಆಯ್ದುಕೊಂಡ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರಿಂದ ಬಂದವು.

ಪ್ರಶ್ನೆ: ಒಂಟಾರಿಯೊದ ಬ್ರ್ಯಾಂಪ್ಟನ್‌ನಲ್ಲಿ ನಮ್ಮದು ಸ್ವಂತ ಸಾಲುಮನೆ. ಬೇಸ್‌ಮೆಂಟಿನಲ್ಲಿ ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಆರೂವರೆ ಅಡಿ ಎತ್ತರದ, ಗಿಡ ಬೆಳೆಸುವ ಟೆಂಟಿನೊಳಗೆ ನಾಲ್ಕು ಗಿಡಗಳಿವೆ. ಹೂವು ಕಟ್ಟಿ ಐದು ವಾರವಾಯಿತು. ವಾಸನೆ ಮೇಲಿನ ಮಹಡಿಗೂ ಪಕ್ಕದ ಮನೆಗೂ ಹೋಗುತ್ತಿದೆ. ವಾಸನೆ ಹೀರುವ ಕಾರ್ಬನ್ ಫಿಲ್ಟರ್ ನಾಲ್ಕು ತಿಂಗಳ ಹಿಂದಷ್ಟೇ ತಂದದ್ದು. ಫ್ಯಾನು ಮತ್ತು ದೀಪ ಒಂದೇ ಟೈಮರ್‌ನಲ್ಲಿವೆ, ಟೆಂಟಿನ ಗಾಳಿ ಬೇಸ್‌ಮೆಂಟಿಗೇ ಬೀಳುತ್ತದೆ. ಬೆಳಿಗ್ಗೆ ಕಿಟಕಿಯ ಗಾಜು ಬೆವರಿರುತ್ತದೆ, ಎರಡು ಹೂಗೊಂಚಲುಗಳ ಒಳಗೆ ಬೂದುಬಣ್ಣದ ಕೊಳೆತ ಕಂಡಿತು. ದಾವಣಗೆರೆಯಿಂದ ಬಂದಿರುವ ನಮ್ಮ ಅತ್ತೆಯವರಿಗೆ ಅಸ್ತಮಾ ಇದೆ. ಓಝೋನ್ ಯಂತ್ರ ಇಟ್ಟರೆ ವಾಸನೆ ಹೋಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ಓಝೋನ್ ಯಂತ್ರವನ್ನು ದಯವಿಟ್ಟು ತರಬೇಡಿ. ಜನ ವಾಸಿಸುವ ಮನೆಯಲ್ಲಿ ವಾಸನೆಯನ್ನು ಅಳಿಸುವಷ್ಟು ಓಝೋನ್ ಬಿಟ್ಟರೆ ಅದು ಶ್ವಾಸಕೋಶವನ್ನು ಕೆರಳಿಸುತ್ತದೆ. ಅಷ್ಟೇ ಅಲ್ಲದೆ, ಗಾಂಜಾ ಹೂವಿನಿಂದ ಹೊರಡುವ ಟರ್ಪೀನ್‌ ಎಂಬ ಪರಿಮಳದ ಸಂಯುಕ್ತಗಳೊಡನೆ ಓಝೋನ್ ಬೆರೆತಾಗ ಫಾರ್ಮಾಲ್ಡಿಹೈಡ್ ಮತ್ತು ಅತಿ ಸಣ್ಣ ಕಣಗಳು ಹುಟ್ಟುತ್ತವೆ. ಅಸ್ತಮಾ ಇರುವ ಹಿರಿಯರು ಮನೆಯಲ್ಲಿರುವಾಗ ಈ ವಿಷಯದಲ್ಲಿ ರಾಜಿಗೆ ಜಾಗವೇ ಇಲ್ಲ.

ನೀವು ಬರೆದಿರುವ ವಾಸನೆ, ಬೆವರುವ ಗಾಜು, ಕೊಳೆತ ಹೂವು ಈ ಮೂರಕ್ಕೂ ಮೂಲ ಒಂದೇ ಎಂಬುದು ನನ್ನ ಅಭಿಪ್ರಾಯ. ಗಿಡ ಹೀರಿದ ನೀರಿನಲ್ಲಿ ನೂರಕ್ಕೆ 97 ಪಾಲಿಗೂ ಹೆಚ್ಚು ಎಲೆಗಳ ಮೂಲಕ ಆವಿಯಾಗಿ ಗಾಳಿಗೆ ಸೇರುತ್ತದೆ. ಒಂದೊಂದು ಗಿಡಕ್ಕೆ ದಿನಕ್ಕೆ ಎರಡು ಲೀಟರ್ ನೀರುಣಿಸುತ್ತಿದ್ದರೆ, ದಿನಕ್ಕೆ ಹೆಚ್ಚುಕಡಿಮೆ ಎಂಟು ಲೀಟರ್ ನೀರನ್ನು ನೀವು ಬೇಸ್‌ಮೆಂಟಿನ ಗಾಳಿಗೆ ಸುರಿಯುತ್ತಿದ್ದೀರಿ ಎಂದರ್ಥ. ಟೆಂಟಿನ ಫ್ಯಾನು ಆ ಆವಿಯನ್ನು ಟೆಂಟಿನಿಂದ ಕೋಣೆಗೆ ತಂದು ಬಿಡುತ್ತದೆ, ಕೋಣೆಯಿಂದ ಅದೇ ಗಾಳಿ ಮತ್ತೆ ಟೆಂಟಿನೊಳಗೆ ಹೋಗುತ್ತದೆ. ನೀರು ಮನೆ ಬಿಟ್ಟು ಹೋಗುವ ದಾರಿಯೇ ಇಲ್ಲ.

ರಾತ್ರಿ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಕೊಳೆತದ ಕಾರಣ ತಿಳಿಯುತ್ತದೆ. 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ 50ರಷ್ಟು ಆರ್ದ್ರತೆ ಇರುವ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 11 ಗ್ರಾಂ ನೀರಾವಿ ಇರುತ್ತದೆ. ದೀಪ ಆರಿ ಟೆಂಟು 18 ಡಿಗ್ರಿಗೆ ತಣಿದಾಗ, ಒಂದು ಹನಿಯೂ ಹೊಸದಾಗಿ ಸೇರದಿದ್ದರೂ, ಅದೇ ಗಾಳಿಯ ಆರ್ದ್ರತೆ ಶೇ 70 ದಾಟುತ್ತದೆ. ನಿಮ್ಮಲ್ಲಿ ಆ ಹೊತ್ತಿಗೆ ಫ್ಯಾನೂ ನಿಂತಿರುತ್ತದೆ, ಕುಂಡದ ಮಣ್ಣಿನಿಂದ ಆವಿ ಏಳುತ್ತಲೇ ಇರುತ್ತದೆ. ಒತ್ತಾಗಿ ಬೆಳೆದ ಹೂಗೊಂಚಲಿನ ಒಳಗೆ ಗಾಳಿಯಾಡದ ಜಾಗದಲ್ಲಿ ಬೊಟ್ರೈಟಿಸ್ ಎಂಬ ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿಲ್ಲ. ದ್ರಾಕ್ಷಿ ಗೊಂಚಲನ್ನೂ ಸ್ಟ್ರಾಬೆರಿಯನ್ನೂ ಕೊಳೆಸುವುದು ಇದೇ ಬೂಷ್ಟು.

ಹಾಗಾಗಿ ಇಂದೇ ಮಾಡಬೇಕಾದ ಮೊದಲ ಕೆಲಸವೆಂದರೆ ಫ್ಯಾನನ್ನು ದೀಪದ ಟೈಮರ್‌ನಿಂದ ಬೇರ್ಪಡಿಸಿ ಹಗಲೂ ರಾತ್ರಿಯೂ ಓಡುವಂತೆ ಮಾಡುವುದು. ಇದಕ್ಕೆ ಖರ್ಚೇನೂ ಇಲ್ಲ. ಫ್ಯಾನು ನಿಂತಾಗ ಟೆಂಟಿನ ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗಿ, ಜಿಪ್ಪು ಮತ್ತು ಹೊಲಿಗೆಗಳ ಸಂದಿನಿಂದ ಗಾಳಿ ಫಿಲ್ಟರ್ ದಾಟದೆಯೇ ಸೋರುತ್ತದೆ. ಫ್ಯಾನು ಸರಿಯಾಗಿ ಓಡುತ್ತಿದ್ದರೆ ಟೆಂಟಿನ ಬಟ್ಟೆ ತುಸು ಒಳಕ್ಕೆ ಬಾಗಿರಬೇಕು. ಒಳಕ್ಕೆ ಬಾಗದೆ ನೇರವಾಗಿದ್ದರೆ ಅಥವಾ ಹೊರಕ್ಕೆ ಉಬ್ಬಿದ್ದರೆ, ಎಷ್ಟು ಬೆಲೆಯ ಫಿಲ್ಟರ್ ತಂದರೂ ವಾಸನೆ ನಿಲ್ಲುವುದಿಲ್ಲ.

ಎರಡನೆಯದು ತೇವವನ್ನು ಮನೆಯಿಂದ ಹೊರಹಾಕುವ ಕೆಲಸ. ಚಳಿಗಾಲದಲ್ಲಿ ನಿಮ್ಮ ಊರಿನ ಹವೆ ಇದಕ್ಕೆ ತುಂಬ ಅನುಕೂಲಕರ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಗಾಳಿ ಪ್ರತಿ ಘನ ಮೀಟರಿನಲ್ಲಿ ಎರಡು ಗ್ರಾಂ ಚಿಲ್ಲರೆ ನೀರಾವಿಯನ್ನಷ್ಟೇ ಹಿಡಿದಿರಬಲ್ಲದು. ಆ ಗಾಳಿ ಮನೆಗೆ ಬಂದು ಬೆಚ್ಚಗಾಗಿ, 11 ಗ್ರಾಂ ಆವಿ ಹೊತ್ತು ಹೊರಹೋದರೆ, ಪ್ರತಿ ಘನ ಮೀಟರಿಗೂ ಒಂಬತ್ತು ಗ್ರಾಂನಷ್ಟು ನೀರು ಮನೆ ಬಿಡುತ್ತದೆ. ಈ ಲೆಕ್ಕದಲ್ಲಿ ಎಂಟು ಲೀಟರ್ ನೀರನ್ನು ಸಾಗಿಸಲು ಗಂಟೆಗೆ 40 ಘನ ಮೀಟರ್‌ನಷ್ಟು ಗಾಳಿ ನಿಜವಾಗಿ ಹೊರಹೋದರೆ ಸಾಕು. ಇದು ನಿಮ್ಮ ಫ್ಯಾನಿನ ಶಕ್ತಿಯ ಒಂದು ಸಣ್ಣ ಪಾಲು. ಆದರೆ ಜುಲೈ ತಿಂಗಳ ಸೆಕೆಯಲ್ಲಿ ಹೊರಗಿನ ಗಾಳಿಯಲ್ಲೇ ಅನೇಕ ದಿನ 15 ಗ್ರಾಂಗಿಂತ ಹೆಚ್ಚು ಆವಿ ಇರುತ್ತದೆ. ಆಗ ಎಷ್ಟು ಗಾಳಿ ತಂದರೂ ಒಣಗುವುದಿಲ್ಲ, ಬೇಸ್‌ಮೆಂಟಿನಲ್ಲಿ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಇಡಲೇಬೇಕು. ಸಾಧ್ಯವಾದರೆ ಹೂಬಿಡುವ ಕಾಲವನ್ನು ಚಳಿಗಾಲಕ್ಕೆ ಬರುವಂತೆ ಬೆಳೆಯನ್ನು ಹೊಂದಿಸಿಕೊಳ್ಳಿ ಎಂದು ನಾನು ಒಂಟಾರಿಯೊದವರಿಗೆ ಹೇಳುವುದು ಇದೇ ಕಾರಣಕ್ಕೆ.

ಫ್ಯಾನಿನ ಗಾಳಿ ಸಾಗಿಸುವ ಕೊಳವೆಯನ್ನು, ಅಂದರೆ ಡಕ್ಟನ್ನು, ಹೊರಗೋಡೆಯ ಮೂಲಕ ನೇರವಾಗಿ ಹೊರಗೆ ಬಿಡಿಸಿ, ಅಟ್ಟಕ್ಕೆ ಎಂದೂ ಬಿಡಬೇಡಿ. ಚಾವಣಿಯ ಕೆಳಗಿನ ಚಳಿಯಲ್ಲಿ ಆ ಆವಿ ಹಿಮವಾಗಿ ಕೂತು, ವಸಂತದಲ್ಲಿ ಕರಗಿ, ಮರದ ತೊಲೆಗಳಲ್ಲಿ ಬೂಷ್ಟು ಬೆಳೆಸುತ್ತದೆ. ಡಕ್ಟು ತಣ್ಣನೆಯ ಜಾಗದಲ್ಲಿ ಹಾದುಹೋಗುವುದಾದರೆ ಶಾಖ ನಿರೋಧಕ ಹೊದಿಕೆ ಇರುವಂಥದ್ದನ್ನೇ ಬಳಸಿ, ತಿರುವುಗಳನ್ನು ಕಡಿಮೆ ಮಾಡಿ. ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ಬೇಸ್‌ಮೆಂಟಿನ ಗಾಳಿಯನ್ನು ಫ್ಯಾನು ಹೊರಕ್ಕೆ ಎಳೆದಾಗ, ಅಲ್ಲೇ ಇರುವ ಗ್ಯಾಸ್ ವಾಟರ್ ಹೀಟರಿನ ಹೊಗೆ ಚಿಮಣಿಯಲ್ಲಿ ಮೇಲೇರದೆ ಮನೆಯೊಳಕ್ಕೆ ಹಿಂದಿರುಗಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪರವಾನಗಿ ಇರುವ ಗ್ಯಾಸ್ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿದ ನಂತರವೇ ಡಕ್ಟನ್ನು ಹೊರಗೆ ಜೋಡಿಸಿ, ಪ್ರತಿ ಮಹಡಿಯಲ್ಲೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ.

ಇನ್ನು ಫಿಲ್ಟರಿನ ಮಾತು. ಗಾಂಜಾ ಹೂವಿನ ಪರಿಮಳದಲ್ಲಿ ಮಿರ್ಸೀನ್, ಲಿಮೋನೀನ್, ಪೈನೀನ್‌ನಂಥ ಟರ್ಪೀನ್‌ಗಳಿವೆ. ಮೂಗಿಗೆ ಬಡಿಯುವ ಆ ಘಾಟಿಗೆ ಮಾತ್ರ ಗಂಧಕವುಳ್ಳ ಕೆಲವು ಸಂಯುಕ್ತಗಳು ಕಾರಣವೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇವು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಿಳಿಯುವುದರಿಂದ, ಸಣ್ಣ ಸೋರಿಕೆಯೂ ಪಕ್ಕದ ಮನೆಯನ್ನು ತಲುಪುತ್ತದೆ. ಫಿಲ್ಟರಿನ ಇದ್ದಿಲು ಈ ಅಣುಗಳನ್ನು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಡುತ್ತದೆ. ಗಾಳಿಯ ಆರ್ದ್ರತೆ ಶೇ 70ನ್ನು ಮೀರಿದರೆ ಅದೇ ರಂಧ್ರಗಳಲ್ಲಿ ನೀರು ಕೂತು, ವಾಸನೆಗೆ ಜಾಗ ಉಳಿಯುವುದಿಲ್ಲ. ನಾಲ್ಕು ತಿಂಗಳಿಗೇ ನಿಮ್ಮ ಫಿಲ್ಟರ್ ಸೋತಂತೆ ಕಾಣುತ್ತಿರುವುದಕ್ಕೆ ಇದೇ ಕಾರಣವಿರಬೇಕು. ಒಣಗಾಳಿಯಲ್ಲಿ ಒಂದು ವರ್ಷಕ್ಕೂ ಮೀರಿ ಬಾಳಬೇಕಾದ ವಸ್ತು ಅದು. ಹೊಸದನ್ನು ಕೊಳ್ಳುವ ಮೊದಲು ತೇವ ಇಳಿಸಿ, ಫಿಲ್ಟರಿನ ಹೊರಬಟ್ಟೆಯನ್ನು ಒಗೆದು, ಎರಡು ವಾರ ಕಾದು ನೋಡಿ. ನಿಮ್ಮ ಟೆಂಟಿನೊಳಗೆ ಸುಮಾರು ಮೂರು ಘನ ಮೀಟರ್ ಗಾಳಿ ಇದೆ. ನಿಮಿಷಕ್ಕೊಮ್ಮೆ ಅದು ಬದಲಾಗಬೇಕೆಂದರೆ ಗಂಟೆಗೆ 170ರಿಂದ 180 ಘನ ಮೀಟರ್ ಬೇಕು, ಫಿಲ್ಟರ್ ಮತ್ತು ಡಕ್ಟಿನ ತಡೆಯನ್ನು ಸೇರಿಸಿಕೊಂಡರೆ 250ರ ಫ್ಯಾನು ಸಾಕು. ಫಿಲ್ಟರಿನ ಮೇಲೆ ನಮೂದಿಸಿರುವ ಗಾಳಿಯ ಪ್ರಮಾಣ ಫ್ಯಾನಿನದಕ್ಕಿಂತ ಕಡಿಮೆಯಿರಬಾರದು. ವಾಸನೆ ನಿಂತಿದೆಯೇ ಎಂಬುದನ್ನು ನೀವೇ ಪರೀಕ್ಷಿಸಬೇಡಿ. ದಿನವಿಡೀ ಮನೆಯಲ್ಲಿದ್ದವರ ಮೂಗು ಒಗ್ಗಿಹೋಗಿರುತ್ತದೆ, ಹೊರಗಿನಿಂದ ಬಂದವರನ್ನು ಕೇಳಿ.

ಕೊಳೆತ ಗೊಂಚಲುಗಳನ್ನು ರೋಗದ ಗುರುತು ಮುಗಿದಲ್ಲಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಅಲ್ಲಾಡಿಸದೆ ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ. ಚೆನ್ನಾಗಿ ಕಾಣುವ ಅರ್ಧವನ್ನು ಉಳಿಸಿಕೊಳ್ಳುವ ಆಸೆ ಬೇಡ. ಬೂಷ್ಟು ಹಿಡಿದ ಹೂವನ್ನು ಸೇದುವುದು, ವಿಶೇಷವಾಗಿ ರೋಗನಿರೋಧಕ ಶಕ್ತಿ ಕಡಿಮೆಯಿರುವವರಿಗೆ, ಶ್ವಾಸಕೋಶದ ಗಂಭೀರ ಸೋಂಕಿಗೆ ದಾರಿಯಾಗಬಹುದು. ಹೂಗೊಂಚಲಿನ ಒಳಗಿನ ಒಂದು ಸಣ್ಣ ಎಲೆ ಇದ್ದಕ್ಕಿದ್ದಂತೆ ಹಳದಿಯಾಗಿ, ಎಳೆದರೆ ಸುಲಭವಾಗಿ ಕೈಗೆ ಬರುವುದು ಈ ರೋಗದ ಮೊದಲ ಸೂಚನೆ. ದಿನಕ್ಕೊಮ್ಮೆ ಅದನ್ನು ಹುಡುಕಿ. ಹೂಬಿಡುವ ಹಂತದಲ್ಲಿ ಆರ್ದ್ರತೆ ಶೇ 40ರಿಂದ 50ರ ನಡುವೆ ಇರಲಿ, ನೀರನ್ನು ದೀಪ ಹತ್ತಿದ ಹೊತ್ತಿನಲ್ಲಿ ಕೊಡಿ, ಸಣ್ಣ ತಿರುಗುವ ಫ್ಯಾನಿನಿಂದ ಎಲೆಗಳು ಮೆಲ್ಲಗೆ ಅಲುಗಾಡುವಷ್ಟು ಗಾಳಿ ಬೀಸಲಿ.

ಈಗ ಯಾವ ಔಷಧಿಯನ್ನೂ, ಬೇವಿನೆಣ್ಣೆಯನ್ನೂ ಸೇರಿಸಿ, ಹೂವಿಗೆ ಸಿಂಪಡಿಸಬೇಡಿ. ತೋಟಗಳಲ್ಲಿ ಬೂದಿರೋಗಕ್ಕೆ ಬಳಸುವ ಮೈಕ್ಲೋಬ್ಯುಟಾನಿಲ್ ಕಾಯಿಸಿದಾಗ ಹೈಡ್ರೋಜನ್ ಸಯನೈಡ್ ಬಿಡುತ್ತದೆ. ತಿನ್ನುವ ಹಣ್ಣಿಗೆ ಒಪ್ಪಿಗೆಯಾದ ಔಷಧಿ ಸೇದುವ ಹೂವಿಗೆ ಒಪ್ಪಿಗೆಯಾಗಬೇಕಿಲ್ಲ. ಅತ್ತೆಯವರು ಇರುವಷ್ಟು ದಿನ ಅವರ ಕೋಣೆ ಬೇಸ್‌ಮೆಂಟಿನಲ್ಲಿರಬಾರದು. ಇಷ್ಟೆಲ್ಲ ಮಾಡಿದ ಮೇಲೂ ಅವರಿಗೆ ಉಸಿರಾಟದ ತೊಂದರೆ ಹೆಚ್ಚಿದರೆ ಗಿಡಗಳನ್ನು ತೆಗೆದುಬಿಡಿ.

ಪ್ರಶ್ನೆ: ವ್ಯಾಂಕೂವರ್‌ನ ಫ್ಲ್ಯಾಟೊಂದರಲ್ಲಿದ್ದೇನೆ. ಟೆಂಟಿನ ಡಕ್ಟನ್ನು ಬಚ್ಚಲುಮನೆಯ ಎಕ್ಸಾಸ್ಟ್‌ಗೆ ಜೋಡಿಸಬಹುದೇ?

ಉತ್ತರ: ಬೇಡ. ಅನೇಕ ಕಟ್ಟಡಗಳಲ್ಲಿ ಬಚ್ಚಲುಮನೆಗಳ ಗಾಳಿ ಒಂದೇ ಸಾಮೂಹಿಕ ಕೊಳವೆಯಲ್ಲಿ ಮೇಲೇರುತ್ತದೆ. ಅದಕ್ಕೆ ಬಲವಾದ ಫ್ಯಾನನ್ನು ಜೋಡಿಸಿದರೆ ನಿಮ್ಮ ಗಾಳಿ ಮೇಲಿನ ಮನೆಯ ಬಚ್ಚಲಿಗೆ ನುಗ್ಗುತ್ತದೆ. ಅದಕ್ಕೂ ಮೊದಲು ಕಟ್ಟಡದ ನಿವಾಸಿಗಳ ಸಂಘದ ನಿಯಮಗಳನ್ನು ಓದಿ. ಪ್ರಾಂತ್ಯದ ಕಾನೂನು ನಾಲ್ಕು ಗಿಡ ಒಪ್ಪಿದರೂ ಸಂಘ ಅದನ್ನು ನಿಷೇಧಿಸಬಹುದು, ಬಾಡಿಗೆ ಮನೆಯಾದರೆ ಮಾಲೀಕರೂ ನಿಷೇಧಿಸಬಹುದು. ಅನುಮತಿ ಇದ್ದರೆ ಒಂದೇ ಗಿಡ ಬೆಳೆಸಿ, ಫಿಲ್ಟರ್ ದಾಟಿದ ಗಾಳಿಯನ್ನು ಕೋಣೆಗೇ ಬಿಟ್ಟು, ಡಿಹ್ಯೂಮಿಡಿಫೈಯರ್‌ನಿಂದ ನೀರನ್ನು ತೆಗೆಯಿರಿ. ಒಂದು ಗಿಡದ ಎರಡು ಲೀಟರ್ ನೀರನ್ನು ಸಣ್ಣ ಯಂತ್ರವೂ ನಿಭಾಯಿಸುತ್ತದೆ. ನಾಲ್ಕು ಗಿಡಗಳನ್ನು ಸಣ್ಣ ಫ್ಲ್ಯಾಟಿನಲ್ಲಿ ಬೆಳೆಯುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಮಗ ಕೆನಡಾದಲ್ಲಿದ್ದಾನೆ. ಅವನಿಂದ ಬೀಜ ತರಿಸಿ ಹುಬ್ಬಳ್ಳಿಯ ಮನೆಯಲ್ಲಿ ಒಂದು ಗಿಡ ಬೆಳೆಸಬಹುದೇ?

ಉತ್ತರ: ಖಂಡಿತ ಬೇಡ. 1985ರ ಮಾದಕ ವಸ್ತುಗಳ ಕಾಯಿದೆಯ 20ನೇ ಸೆಕ್ಷನ್ ಪ್ರಕಾರ ಭಾರತದಲ್ಲಿ ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆಸುವುದಕ್ಕೆ ಹತ್ತು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕೆನಡಾದ ಕಾನೂನು ಕೂಡ ಗಾಂಜಾವನ್ನು ಗಡಿ ದಾಟಿಸಲು ಬಿಡುವುದಿಲ್ಲ. ಮಗನನ್ನು ಕೇಳಲೇಬೇಡಿ.

ಪ್ರಶ್ನೆ: ಕ್ಯಾಲ್ಗರಿಯಲ್ಲಿದ್ದೇವೆ. ಬೆಳೆಯುವಾಗ ವಾಸನೆಯ ತೊಂದರೆಯಿರಲಿಲ್ಲ. ಕೊಯ್ದು ಒಣಗಿಸುವಾಗ ಮನೆಯೆಲ್ಲ ಘಾಟು, ಹೂವು ಮೂರೇ ದಿನಕ್ಕೆ ಗರಿಗರಿಯಾಗಿ ಪುಡಿಯಾಗುತ್ತದೆ.

ಉತ್ತರ: ಬಹುತೇಕರು ಕೊಯ್ಲಾದೊಡನೆ ಫ್ಯಾನು ಬಿಚ್ಚಿಡುತ್ತಾರೆ, ಆದರೆ ವಾಸನೆ ಅತಿ ಹೆಚ್ಚಾಗುವುದು ಒಣಗಿಸುವ ದಿನಗಳಲ್ಲೇ. ಅದೇ ಟೆಂಟಿನಲ್ಲಿ, ದೀಪ ಆರಿಸಿ, ಫಿಲ್ಟರ್ ಮತ್ತು ಫ್ಯಾನು ನಿಧಾನ ವೇಗದಲ್ಲಿ ಓಡುತ್ತಿರುವಂತೆ ಕೊಂಬೆಗಳನ್ನು ತಲೆಕೆಳಗಾಗಿ ತೂಗುಹಾಕಿ. ತಿರುಗುವ ಫ್ಯಾನಿನ ಗಾಳಿ ಹೂವಿಗೆ ನೇರ ತಾಗಬಾರದು. ನಿಮ್ಮ ಊರಿನ ಚಳಿಗಾಲದ ಗಾಳಿ ತೀರ ಒಣದಾಗಿರುವುದರಿಂದ ಹೊರಪದರ ಬೇಗ ಒಣಗಿ ಟರ್ಪೀನ್‌ಗಳು ಹಾರಿಹೋಗುತ್ತವೆ. ಟೆಂಟಿನ ಹೊರಗೆ, ಗಾಳಿ ಒಳಬರುವ ಕಡೆ, ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಇಟ್ಟು ಒಳಗಿನ ಆರ್ದ್ರತೆಯನ್ನು ಶೇ 55ರಿಂದ 60ರಲ್ಲಿ, ಉಷ್ಣಾಂಶವನ್ನು 18 ಡಿಗ್ರಿಯ ಸುತ್ತಮುತ್ತ ಉಳಿಸಿದರೆ ಒಣಗಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಸಣ್ಣ ಕಡ್ಡಿ ಬಾಗಿಸಿದಾಗ ಲಟ್ಟೆಂದು ಮುರಿಯುವಂತಾದ ಮೇಲೆ ಗಾಜಿನ ಭರಣಿಗೆ ತುಂಬಿ, ಆರ್ದ್ರತೆ ಅಳೆಯುವ ಸಣ್ಣ ಹೈಗ್ರೋಮೀಟರ್ ಒಂದನ್ನು ಒಳಗಿಡಿ. ಒಂದು ದಿನದ ನಂತರ ಅದು ಶೇ 65ಕ್ಕಿಂತ ಹೆಚ್ಚು ತೋರಿಸಿದರೆ ಹೂವನ್ನು ಹೊರತೆಗೆದು ಇನ್ನೊಂದು ದಿನ ಒಣಗಿಸಿ. ಶೇ 58ರಿಂದ 62ರಲ್ಲಿ ನಿಂತರೆ ಮೊದಲ ವಾರ ದಿನಕ್ಕೊಮ್ಮೆ ಕೆಲವು ನಿಮಿಷ ಮುಚ್ಚಳ ತೆರೆದಿಡಿ, ಮನೆಯಲ್ಲಿ ಮಕ್ಕಳಿದ್ದರೆ ಭರಣಿಯನ್ನು ಬೀಗ ಹಾಕಿದ ಕಪಾಟಿನಲ್ಲಿಡಿ.