ನಿಮ್ಮ ಮೂರನೇ ಪುಟದ ಬಗ್ಗೆ

ಪ್ರಿಯರೇ,

ನೆಲದಾಳದ ತೈಲ ನಿಕ್ಷೇಪಗಳನ್ನು ಕಂಪನದ ಅಲೆಗಳಿಂದ ಅಳೆಯುವ ಬಗೆಗಿನ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಪೀಠಿಕೆ ಚೆನ್ನಾಗಿದೆ. ಆದರೆ ಮೂರನೇ ಪುಟಕ್ಕೆ ಬಂದಾಗ ಸಿಟ್ಟು ಬಂತು. ಅದರ ಬಗ್ಗೆಯಷ್ಟೇ ಬರೆಯುತ್ತೇನೆ.

‘ತೈಲ ತೆಗೆದಂತೆ ಒತ್ತಡ ಇಳಿದು ಬಂಡೆ ಸಡಿಲವಾಗುತ್ತದೆ, ಅಲೆಗಳು ನಿಧಾನವಾಗುತ್ತವೆ’ ಎಂದಿದ್ದೀರಿ. ಇಳಿಯುವುದು ಬಂಡೆಯ ರಂಧ್ರಗಳಲ್ಲಿರುವ ದ್ರವದ ಒತ್ತಡ ಮಾತ್ರ. ಮೇಲಿರುವ ಕಿಲೋಮೀಟರುಗಟ್ಟಲೆ ಕಲ್ಲಿನ ಭಾರ ಎಲ್ಲಿಗೆ ಹೋಯಿತು? ಅದರಲ್ಲಿ ಒಂದು ಪಾಲನ್ನು ಅಷ್ಟು ದಿನ ದ್ರವ ಹೊರುತ್ತಿತ್ತು. ಈಗ ಆ ಪಾಲೂ ಕಲ್ಲಿನ ಕಣಗಳ ಮೇಲೆಯೇ ಬೀಳುತ್ತದೆ. ಕಣಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಳ್ಳುತ್ತವೆ, ನಡುವಿನ ಸಣ್ಣ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಬಂಡೆ ಗಡುಸಾಗುತ್ತದೆ. ನಿಕ್ಷೇಪದೊಳಗೆ ಅಲೆಯ ವೇಗ ಸಾಮಾನ್ಯವಾಗಿ ಏರುತ್ತದೆ. ತೈಲದಿಂದ ಅನಿಲ ಬೇರ್ಪಟ್ಟರೆ ಲೆಕ್ಕ ತಿರುಗಬಹುದು, ಆದರೆ ನೀವು ಆ ಮಾತೇ ಎತ್ತಿಲ್ಲ.

ಅದರ ಕೆಳಗಿನ ಸಾಲು: ‘ಮೇಲಿನ ಪದರಗಳಲ್ಲಿ ಏನೂ ಬದಲಾಗುವುದಿಲ್ಲ.’ ಇಲ್ಲಿ ಪೆನ್ಸಿಲ್ ಕೆಳಗಿಟ್ಟುಬಿಟ್ಟೆ. ನಿಕ್ಷೇಪ ಕುಗ್ಗಿದಾಗ ಅದರ ನೆತ್ತಿಯ ಮೇಲಿನ ಕಲ್ಲು ಕೆಳಕ್ಕೆ ಜಗ್ಗಿ, ಮೇಲಿಂದ ಕೆಳಕ್ಕೆ ಹಿಗ್ಗುತ್ತದೆ. ಭಾರದ ಒಂದಂಶ ಕಮಾನಿನಲ್ಲಿ ಆಗುವಂತೆ ಅಕ್ಕಪಕ್ಕಕ್ಕೆ ಹರಿಯುತ್ತದೆ. ನೀವು ಹೇಳಿದ ನಿಧಾನಗತಿ ಕಾಣುವುದು ಅಲ್ಲಿ. ಕುಗ್ಗಿದಾಗ ಏರುವುದಕ್ಕಿಂತ, ಅಷ್ಟೇ ಹಿಗ್ಗಿದಾಗ ವೇಗ ಹೆಚ್ಚು ಇಳಿಯುತ್ತದೆ. ಆ ಮೇಲಿನ ಪದರವೂ ದಪ್ಪ, ಹಾಗಾಗಿ ತಡ ಕೂಡುತ್ತಾ ಹೋಗುತ್ತದೆ. ವರ್ಷಗಳ ಅಂತರದಲ್ಲಿ ಅದೇ ಜಾಗವನ್ನು ಮತ್ತೆ ಅಳೆದರೆ, ಪ್ರತಿಫಲಿಸಿದ ಅಲೆ ಕೆಲವು ಮಿಲಿಸೆಕೆಂಡು ತಡವಾಗಿ ಬಂದಿರುತ್ತದೆ. ಆ ತಡದಿಂದಲೇ ಯಾವ ಭಾಗ ಕುಗ್ಗಿದೆ, ಯಾವುದು ಹಾಗೇ ಉಳಿದಿದೆ ಎಂದು ತಜ್ಞರು ಗುರುತಿಸುತ್ತಾರೆ.

ನಾರ್ವೆಯ ಸಮುದ್ರದಲ್ಲಿರುವ ಎಕೋಫಿಸ್ಕ್ ತೈಲಕ್ಷೇತ್ರದ ಹೆಸರನ್ನು ಒಂದೇ ವಾಕ್ಯದಲ್ಲಿ ದಾಟಿಸಿದ್ದೀರಿ. ಅಲ್ಲಿನ ಸುಣ್ಣದ ಬಂಡೆ ಕುಗ್ಗಿ, ಸಮುದ್ರತಳ ಕುಸಿದದ್ದು 1984ರಲ್ಲಿ ಗಮನಕ್ಕೆ ಬಂತು. 1987ರಲ್ಲಿ ತೈಲ ತೆಗೆಯುವ ವೇದಿಕೆಗಳನ್ನು ಆರು ಮೀಟರ್ ಎತ್ತರಿಸಬೇಕಾಯಿತು. ಆಳದ ಕುಗ್ಗುವಿಕೆ ಸಮುದ್ರತಳದವರೆಗೂ ಮುಟ್ಟಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಮೇಲಿನ ಪದರ ಸುಮ್ಮನಿದ್ದರೆ ಅದು ಹೇಗೆ ಸಾಧ್ಯ?

ನಾನು ಉಪಸಂಪಾದಕನಾಗಿ ಸೇರಿದ ಹೊಸದರಲ್ಲಿ ನಮ್ಮ ಹಿರಿಯರು ಇಂಥ ಲೇಖನ ಕೊಟ್ಟರೆ ಮೊದಲು ವಾಕ್ಯ ತಿದ್ದಲು ಬಿಡುತ್ತಿರಲಿಲ್ಲ. ‘ಬಲ ಎಲ್ಲಿಂದ ಎಲ್ಲಿಗೆ ಹೋಗ್ತಿದೆ, ಅಂಚಿನಲ್ಲಿ ಬಾಣ ಹಾಕಿ ತೋರಿಸಪ್ಪ’ ಎನ್ನುತ್ತಿದ್ದರು. ಬಾಣ ಎಳೆಯಲಾಗದ ಸಾಲು ಅಚ್ಚಿಗೆ ಹೋಗುತ್ತಿರಲಿಲ್ಲ. ಆಗ ಬೇಸರವಾಗುತ್ತಿತ್ತು. ಇಂದಿಗೂ ನನ್ನ ಕರಡುಗಳ ಅಂಚಿನ ತುಂಬ ಬಾಣಗಳೇ.

ನಿಕ್ಷೇಪ, ಅದರ ಮೇಲಿನ ಪದರ, ಸಮುದ್ರತಳ ಮೂರನ್ನೂ ಚಿತ್ರಿಸಿ, ಬಾಣ ಹಾಕಿ, ಆಮೇಲೆ ಮೂರನೇ ಪುಟವನ್ನು ಮೊದಲಿಂದ ಬರೆಯಿರಿ. ಚಿತ್ರವನ್ನೂ ಜೊತೆಗೆ ಕಳಿಸಿ. ಬೇರೆ ಪುಟಗಳನ್ನು ಸದ್ಯ ಮುಟ್ಟಬೇಡಿ.

ಇತಿ,
ಸಂಪಾದಕ