ಒಂದೇ ಕಾರು, ಮೂವರು ಚಾಲಕರು

ಪ್ರಶ್ನೆ: ನನಗೂ ನನ್ನ ಹೆಂಡತಿಗೂ ಬಾಮೈದನಿಗೂ ಆಟೋಕ್ರಾಸ್ ಹುಚ್ಚು ಹಿಡಿದಿದೆ. ಇರುವುದು ಒಂದೇ ಮಾಜ್ದಾ ಮಿಯಾಟಾ. ಮೂವರೂ ಅದರಲ್ಲೇ ಸ್ಪರ್ಧಿಸಬಹುದೇ? ಬಾಮೈದ ಹೊಸಬ, ಅವನು ಬೇರೆ ಕ್ಲಾಸಿನಲ್ಲಿ ಓಡಿಸಬಹುದೇ?
– ಓದುಗರೊಬ್ಬರು, ಓಹಾಯೊ, ಅಮೆರಿಕ

ಉತ್ತರ: ಖಾಲಿ ವಾಹನ ನಿಲ್ದಾಣದಲ್ಲೋ ಹಳೆಯ ವಿಮಾನ ನೆಲೆಯಲ್ಲೋ ಕೋನ್‌ಗಳನ್ನಿಟ್ಟು ಗುರುತಿಸಿದ ದಾರಿಯಲ್ಲಿ ಒಂದೊಂದೇ ಕಾರು ಗಡಿಯಾರದ ವಿರುದ್ಧ ಓಡುವ ಈ ಸ್ಪರ್ಧೆಯಲ್ಲಿ ಕಾರು ಹಂಚಿಕೊಳ್ಳುವುದು ಬಹಳ ಸಾಮಾನ್ಯ. ನಿಮ್ಮಲ್ಲಿ ಹೆಚ್ಚಿನ ಸ್ಪರ್ಧೆಗಳು ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದ ‘ಸೋಲೋ’ ನಿಯಮಗಳನ್ನೇ ಆಧರಿಸಿರುವುದರಿಂದ ಅವನ್ನೇ ಹಿಡಿದು ಉತ್ತರಿಸುತ್ತೇನೆ.

ಕ್ಲಾಸನ್ನು, ಅಂದರೆ ನೀವು ಯಾರ ಜೊತೆ ಸ್ಪರ್ಧಿಸುತ್ತೀರಿ ಎಂಬ ಗುಂಪನ್ನು, ನಿರ್ಧರಿಸುವುದು ಮುಖ್ಯವಾಗಿ ಕಾರು. ಫಲಿತಾಂಶ ಮಾತ್ರ ಚಾಲಕರದು. ಆದ್ದರಿಂದ ಒಂದೇ ಕಾರಿನಲ್ಲಿ ಒಂದೇ ಕ್ಲಾಸಿಗೆ ಇಬ್ಬರು ಹೆಸರು ಕೊಟ್ಟು ಪರಸ್ಪರ ಎದುರಾಳಿಗಳಾಗಲು ಅಡ್ಡಿಯಿಲ್ಲ. ಮೂರನೆಯವರ ವಿಷಯದಲ್ಲಿ ಅಡ್ಡ ಬರುವುದು ಸಮಯ. ಸ್ಪರ್ಧಿಗಳನ್ನು ಹೀಟ್‌ಗಳಾಗಿ (ಒಂದಾದ ಮೇಲೊಂದು ಓಡುವ ಸರದಿ ಗುಂಪುಗಳಾಗಿ) ವಿಂಗಡಿಸಿ ಓಡಿಸುವಾಗ, ಒಂದೇ ಹೀಟ್‌ನಲ್ಲಿ ಮೂರು ಸಲ ಚಾಲಕರನ್ನು ಬದಲಿಸುವ ಕಾರು ಇಡೀ ಸಾಲನ್ನು ಕಾಯಿಸುತ್ತದೆ. ಒಬ್ಬರು ಬೇರೆ ಹೀಟ್‌ಗೆ ಹೋದರೆ ಸ್ಥಳೀಯ ಸಂಘಟಕರು ಸಾಮಾನ್ಯವಾಗಿ ಒಪ್ಪಬಹುದು. ಹೆಸರು ನೋಂದಾಯಿಸುವ ಮೊದಲೇ ಕೇಳಿಡಿ. ನೆಬ್ರಾಸ್ಕಾದ ಲಿಂಕನ್‌ನಲ್ಲಿ ನಡೆಯುವ ರಾಷ್ಟ್ರೀಯ ಸ್ಪರ್ಧೆಯ ಮಟ್ಟದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಕ್ಲಾಸುಗಳೂ ಇರುವುದರಿಂದ, ಗಂಡ ಮುಕ್ತ ಕ್ಲಾಸಿನಲ್ಲೂ ಹೆಂಡತಿ ಮಹಿಳಾ ಕ್ಲಾಸಿನಲ್ಲೂ ಅದೇ ಕಾರನ್ನು ಓಡಿಸುವ ಜೋಡಿಗಳು ಅಲ್ಲಿ ಅಪರೂಪವಲ್ಲ.

ಹೊಸಬರಿಗೆಂದೇ ಅನೇಕ ಕ್ಲಬ್ಬುಗಳು ಪ್ರತ್ಯೇಕ ಕ್ಲಾಸು ಇಟ್ಟಿವೆ, ಬಾಮೈದ ಅಲ್ಲಿಗೆ ಸೇರಲಿ. ಅವನ ಸಮಯವನ್ನು ಕಾರಿನ ಮೂಲ ಕ್ಲಾಸಿನ ಸೂಚ್ಯಂಕದಿಂದ (ಬೇರೆ ಬೇರೆ ಕ್ಲಾಸಿನ ಕಾರುಗಳನ್ನು ಹೋಲಿಸಲು ಪ್ರತಿ ಕ್ಲಾಸಿಗೆ ಕೊಟ್ಟ ಅಂಕಿಯಿಂದ) ಗುಣಿಸಿ ಇತರ ಹೊಸಬರ ಜೊತೆ ಹೋಲಿಸುವುದು ರೂಢಿ. ಆದರೆ ಕಾರಿನ ಸ್ಥಿತಿ ಮೂವರಿಗೂ ಒಂದೇ ಎಂಬುದನ್ನು ಮರೆಯಬೇಡಿ. ಹೆಚ್ಚು ಮಾರ್ಪಾಡಿಲ್ಲದ ಕಾರುಗಳ ‘ಸ್ಟ್ರೀಟ್’ ವಿಭಾಗದಲ್ಲಿ ಟೈರಿನ ಸವೆತದ ಅಂಕ (ಇದು ಕಡಿಮೆಯಾದಷ್ಟೂ ಟೈರು ಸಾಮಾನ್ಯವಾಗಿ ಮೃದು) ಕನಿಷ್ಠ 200 ಇರಬೇಕು. ನೀವು ಅದಕ್ಕಿಂತ ಮೃದುವಾದ ಟೈರು ಹಾಕಿಸಿದರೆ ಅವರಿಬ್ಬರೂ ಅದೇ ಟೈರಿನ ಮೇಲೆ ಓಡಿಸುವಷ್ಟು ಕಾಲ ಆ ವಿಭಾಗಕ್ಕೆ ಅನರ್ಹರಾಗುತ್ತಾರೆ. ಚಾಲನಾ ಪರವಾನಗಿ, ನಿಯಮಕ್ಕೆ ಒಪ್ಪುವ ಹೆಲ್ಮೆಟ್, ಸದಸ್ಯತ್ವ ಅಥವಾ ವಾರಾಂತ್ಯದ ತಾತ್ಕಾಲಿಕ ಸದಸ್ಯತ್ವ ಇವು ಪ್ರತಿಯೊಬ್ಬರಿಗೂ ಬೇಕು. ಬಿದ್ದ ಕೋನ್‌ಗಳನ್ನು ಎತ್ತಿಡುವ ಸರದಿಯೂ ತಲೆಗೊಂದರಂತೆ ಬರುತ್ತದೆ, ಕಾರಿಗೊಂದರಂತಲ್ಲ.

ಯಾರು ಮೊದಲು ಓಡಿಸಬೇಕೆಂಬುದನ್ನು ನಿಯಮ ನಿಮಗೇ ಬಿಡುವುದುಂಟು, ಮನೆಯ ಜಗಳ ಹುಟ್ಟುವುದೂ ಇಲ್ಲೇ! ಚಳಿಯ ಬೆಳಗ್ಗೆ ಮೊದಲನೆಯವರು ತಣ್ಣಗಿನ ಟೈರಿನ ಮೇಲೆ ಜಾರುತ್ತಾರೆ, ಎರಡನೆಯವರಿಗೆ ಬೆಚ್ಚಗಿನ ಹಿಡಿತ ಸಿಗುತ್ತದೆ. ಬಿರುಬಿಸಿಲಿನಲ್ಲಿ ಇದು ತಿರುವುಮುರುವಾಗುವುದರಿಂದಲೇ ಇಬ್ಬರು ಚಾಲಕರ ಕಾರಿನ ಪಕ್ಕದಲ್ಲಿ ಟೈರಿಗೆ ನೀರು ಸಿಂಪಡಿಸುವ ಪಂಪು ಕಾಣುತ್ತದೆ. ಪ್ರತಿ ಸ್ಪರ್ಧೆಗೂ ಸರದಿ ಬದಲಿಸಿಕೊಳ್ಳುವುದು ನನ್ನ ಮಟ್ಟಿಗೆ ನ್ಯಾಯ.

ಕೊನೆಗೆ ಬಾಗಿಲ ಮೇಲಿನ ಅಂಕಿ. ಒಬ್ಬರದು 42 ಆದರೆ ಸಹಚಾಲಕರದು 142 ಆಗಿರುವುದು ರೂಢಿ. ಆಸನದಿಂದ ಇಳಿಯುವವರು ಮುಂದಿನ ‘1’ನ್ನು ಅಂಟಿಸಿಯೋ ಕಿತ್ತೋ ಹೋಗಬೇಕು. ಆ ಒಂದು ಅಂಕಿ ತಪ್ಪಿದರೆ ನಿಮ್ಮ ಅತ್ಯುತ್ತಮ ಓಟ ಹೆಂಡತಿಯ ಖಾತೆಗೆ ದಾಖಲಾಗಬಹುದು, ಆಕೆ ಬೀಳಿಸಿದ ಕೋನ್‌ನ 2 ಸೆಕೆಂಡು ದಂಡ ನಿಮ್ಮ ಖಾತೆಗೆ ಬರಬಹುದು.